ಹತ್ತು ತಿಂಗಳ ಯುಗ: ಜಪಾನಿನ ‘ಯೋವಾ’ ಬಗ್ಗೆ ಓದುಗರ ಪ್ರಶ್ನೆಗಳು

ಮಧ್ಯಕಾಲದ ಜಪಾನಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯೋವಾ’ ಎಂಬ ಪುಟ್ಟ ಯುಗದ ಸುತ್ತಲೇ ಇದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಜಪಾನಿನಲ್ಲಿ ಯೋವಾ ಅನ್ನುವ ಯುಗ ಬರೀ ಹತ್ತು ತಿಂಗಳು ಇತ್ತಂತೆ. ಯುಗ ಅಂದರೆ ನಮಗೆ ದ್ವಾಪರ, ಕಲಿ. ಹತ್ತು ತಿಂಗಳಿಗೇ ಮುಗಿದುಹೋಗುವ ಯುಗ ಎಂಥದ್ದು ಸ್ವಾಮಿ?
— ಓದುಗರು, ದಾವಣಗೆರೆ

ಕಲಿಯುಗದ ಲೆಕ್ಕ ಪಕ್ಕಕ್ಕಿಡಿ. ಇದು ವರ್ಷ ಎಣಿಸಲು ಇಟ್ಟುಕೊಂಡ ಹೆಸರು, ಅಷ್ಟೇ. ಆಸ್ಥಾನ ಒಂದು ಹೆಸರು ಸಾರುತ್ತದೆ. ಅವತ್ತಿನಿಂದ ಎಲ್ಲ ಕಾಗದಪತ್ರಗಳಲ್ಲೂ ಆ ಹೆಸರಿನ ಒಂದನೇ ವರ್ಷ, ಎರಡನೇ ವರ್ಷ ಅಂತ ಬರೆಯಬೇಕು. ಚೀನಾದಿಂದ ಬಂದ ಪದ್ಧತಿ. ಜಪಾನಿನಲ್ಲಿ 645ರಲ್ಲಿ ಶುರುವಾಗಿ, 701ರಿಂದ ಇವತ್ತಿನವರೆಗೂ ನಡುವೆ ಕಡಿಯದೆ ಬಂದಿದೆ.

ನಮ್ಮ ಪ್ರಭವ, ವಿಭವದ ಹಾಗೆ 60 ವರ್ಷದ ಚಕ್ರವೂ ಅವರಲ್ಲಿ ಇತ್ತು. ಅದು ಬೇರೆ, ಇದು ಬೇರೆ. ಸಂವತ್ಸರ ಯಾರ ಅಪ್ಪಣೆಗೂ ಕಾಯುವುದಿಲ್ಲ, ತನ್ನ ಪಾಡಿಗೆ ತಾನು ತಿರುಗುತ್ತದೆ. ಯುಗದ ಹೆಸರನ್ನು ಯಾರೋ ಕೂತು ಇಡಬೇಕು, ಉಳಿದವರು ಅದನ್ನು ಒಪ್ಪಬೇಕು. ಒಪ್ಪದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಯೋವಾದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಯೋವಾ ಶುರುವಾದದ್ದು ನಮ್ಮ ಈಗಿನ ಲೆಕ್ಕದಲ್ಲಿ 1181ರ ಆಗಸ್ಟ್ ಕೊನೆಗೆ, ಮುಗಿದದ್ದು 1182ರ ಜೂನ್ ಕೊನೆಗೆ. ಇದ್ದದ್ದು ಹತ್ತು ತಿಂಗಳಾದರೂ ಕಾಗದದ ಮೇಲೆ ಯೋವಾ 1, ಯೋವಾ 2 ಎಂದು ಎರಡು ವರ್ಷ ಕಾಣುತ್ತವೆ. ಹಳೇ ವರ್ಷದ ಏಳನೇ ತಿಂಗಳಲ್ಲಿ ಹೆಸರು ಬಂತು, ಐದು ತಿಂಗಳಲ್ಲಿ ಹೊಸ ವರ್ಷವೂ ಬಂತು, ಒಂದು ಎರಡಾಯಿತು. ಮೂರು ಆಗುವ ಮೊದಲೇ ಆಸ್ಥಾನಕ್ಕೆ ಆ ಹೆಸರು ಸಾಕಾಯಿತು.

ಪ್ರಶ್ನೆ: ಜಪಾನಿನ ಇತಿಹಾಸದಲ್ಲಿ ಎಲ್ಲಕ್ಕಿಂತ ಚಿಕ್ಕ ಯುಗ ಇದೇನಾ?
— ಓದುಗರು, ಹಾಸನ

ಅಲ್ಲ. ಆ ಪಟ್ಟ ‘ರ್ಯಾಕುನಿನ್’ಗೆ. 1238ರ ಕೊನೆಗೆ ಶುರುವಾಗಿ 1239ರ ಮೊದಲ ತಿಂಗಳುಗಳಲ್ಲೇ ಮುಗಿಯಿತು, ಎರಡೂವರೆ ತಿಂಗಳೂ ತುಂಬಲಿಲ್ಲ. ಆ ಹೆಸರನ್ನು ಬಾಯಲ್ಲಿ ಹೇಳಿದರೆ ‘ಜನ ಇಲ್ಲವಾಗುತ್ತಾರೆ’ ಎಂಬ ಅರ್ಥದ ಇನ್ನೊಂದು ಮಾತಿನ ಹಾಗೆ ಕೇಳುತ್ತದೆ ಅಂತ ಊರೆಲ್ಲ ಆಡಿಕೊಂಡಿತು. ಆಸ್ಥಾನ ಬದಲಾಯಿಸಿಬಿಟ್ಟಿತು.

ಪ್ರಶ್ನೆ: ಯೋವಾ ಕಾಲದಲ್ಲಿ ಚಕ್ರವರ್ತಿ ಯಾರು? ಹೊಸ ಹೆಸರು ಬೇಕು ಅಂತ ಯಾರಿಗೆ ಅನ್ನಿಸಿತು?
— ಓದುಗರು, ತುಮಕೂರು

ಚಕ್ರವರ್ತಿಯ ಹೆಸರು ಅಂತೊಕು. ವಯಸ್ಸು ಇನ್ನೂ ಮೂರು ತುಂಬಿರಲಿಲ್ಲ. ಅವನಿಗೆ ಅನ್ನಿಸುವ ಮಾತೇ ಇಲ್ಲ!

ನಿಜವಾದ ಆಟ ಆಡಿದವನು ತಾಯಿಯ ಕಡೆಯ ತಾತ, ತೈರಾ ಕಿಯೊಮೊರಿ. ಯೋಧ ಮನೆತನದವನು. ಮಗಳು ತೊಕುಕೊಳನ್ನು ಚಕ್ರವರ್ತಿ ತಾಕಾಕುರಾಗೆ ಕೊಟ್ಟ. 1178ರ ಕೊನೆಗೆ ಮೊಮ್ಮಗ ಹುಟ್ಟಿದ. 1180ರಲ್ಲಿ ಅಳಿಯ ಸಿಂಹಾಸನದಿಂದ ಇಳಿದ, ಒಂದು ವರ್ಷ ದಾಟಿದ್ದ ಕೂಸು ಏರಿತು. ತಂದೆಯ ಕಡೆಯ ತಾತ ಗೊ-ಶಿರಾಕಾವಾ, ಅವನೂ ಹಿಂದೊಮ್ಮೆ ಚಕ್ರವರ್ತಿಯಾಗಿದ್ದವನು, ಪಟ್ಟ ಬಿಟ್ಟ ಮೇಲೂ ಅಧಿಕಾರ ಬಿಡದೆ ಹಿಂದಿನಿಂದ ಎಲ್ಲ ನಡೆಸುತ್ತಿದ್ದವನು. ಅವನನ್ನು ಕಿಯೊಮೊರಿ 1179ರಲ್ಲೇ ಮನೆಯೊಳಗೆ ಕೂಡಿಹಾಕಿಸಿದ್ದ.

ಹೊಸ ಚಕ್ರವರ್ತಿ ಬಂದರೆ ಹೊಸ ಹೆಸರು ಬರಬೇಕು, ಆದರೆ ಅದೇ ವರ್ಷ ಅಲ್ಲ. ಹಾಗೆ ಮಾಡಿದರೆ ಹಿಂದಿನವನಿಗೆ ಅವಮರ್ಯಾದೆ. ಹಾಗಾಗಿ ಮರುವರ್ಷದವರೆಗೆ ಕಾಯುತ್ತಿದ್ದರು. ಕಾಯುತ್ತಿರುವಾಗಲೇ, 1181ರ ಮೊದಲ ತಿಂಗಳುಗಳಲ್ಲಿ, ಮಗುವಿನ ತಂದೆ ತಾಕಾಕುರಾ ತೀರಿಕೊಂಡ. ಮಾರ್ಚಿನಲ್ಲಿ ಕಿಯೊಮೊರಿಯೂ ಜ್ವರ ಬಂದು ಸತ್ತ. ಮೈಮೇಲೆ ಸುರಿದ ನೀರೂ ಕುದಿಯುತ್ತಿತ್ತು ಅಂತ ಆಮೇಲೆ ಕಥೆ ಕಟ್ಟಿ ಹಾಡಿದರು. ಅಂದರೆ ಆಗಸ್ಟಿನಲ್ಲಿ ಯೋವಾ ಎಂಬ ಹೆಸರು ಸಾರುವಾಗ ಯಾರ ಬಲದ ಮೇಲೆ ಆ ಮಗು ಕೂತಿತ್ತೋ ಆ ಮನುಷ್ಯನೇ ಇರಲಿಲ್ಲ.

ಹೆಸರು ಹುಡುಕುವುದಕ್ಕೂ ಒಂದು ಶಾಸ್ತ್ರ ಇತ್ತು. ಆಸ್ಥಾನದ ವಿದ್ವಾಂಸರು ಹಳೆಯ ಚೀನೀ ಗ್ರಂಥಗಳಿಂದ ಹೆಸರುಗಳನ್ನು ಆರಿಸಿ ಕೊಡಬೇಕು. ದೊಡ್ಡ ಅಧಿಕಾರಿಗಳು ಕೂತು ಒಂದೊಂದರಲ್ಲೂ ಹುಳುಕು ಹುಡುಕಬೇಕು. ಈ ಅಕ್ಷರ ಇಟ್ಟಾಗ ಬೆಂಕಿ ಬಿದ್ದಿತ್ತು, ಆ ಅಕ್ಷರ ಇಟ್ಟ ಚೀನೀ ದೊರೆ ಬೇಗ ಸತ್ತ, ಹೀಗೆ. ಹುಳುಕು ಕಡಿಮೆ ಇದ್ದದ್ದು ಗೆಲ್ಲುತ್ತದೆ. ಯೋವಾ ಅಂದರೆ ಸುಮಾರಾಗಿ ಸಾಮರಸ್ಯವನ್ನು ಪೋಷಿಸುವುದು. ಕೇಳಲು ಚೆನ್ನಾಗಿದೆ.

ಪ್ರಶ್ನೆ: ಯೋವಾ ಕಾಲದಲ್ಲೇ ಜಪಾನಿನ ಅರ್ಧ ಭಾಗದಲ್ಲಿ ಬೇರೆ ಯುಗ ನಡೆಯುತ್ತಿತ್ತು ಅಂತ ನನ್ನ ಮಗಳು ಹೇಳುತ್ತಾಳೆ. ಒಂದೇ ದೇಶದಲ್ಲಿ ಒಂದೇ ದಿನ ಎರಡು ಯುಗ ಹೇಗೆ ಸಾಧ್ಯ?
— ಓದುಗರು, ಉಡುಪಿ

ನಿಮ್ಮ ಮಗಳ ಮಾತು ಸರಿ. ‘ಅರ್ಧ’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಪೂರ್ವದ ಪ್ರಾಂತಗಳು ಅನ್ನಿ.

1180ರಲ್ಲಿ ಮಗುವನ್ನು ಪಟ್ಟಕ್ಕೆ ಕೂರಿಸಿದ ಕೂಡಲೇ ಗೊ-ಶಿರಾಕಾವಾನ ಇನ್ನೊಬ್ಬ ಮಗ ಮೊಚಿಹಿತೊ, ತೈರಾಗಳ ವಿರುದ್ಧ ಏಳಿ ಎಂದು ಕರೆ ಕೊಟ್ಟ. ಅವನೇನೋ ಬೇಗನೆ ಕೊಲೆಯಾದ. ಕರೆ ಮಾತ್ರ ಪೂರ್ವಕ್ಕೆ ತಲುಪಿತು. ಅಲ್ಲಿ ಮಿನಾಮೊತೊ ಮನೆತನದ ಯೊರಿತೊಮೊ ಇದ್ದ. ಹುಡುಗನಾಗಿದ್ದಾಗಲೇ ಗಡಿಪಾರಾಗಿ ಇಪ್ಪತ್ತು ವರ್ಷ ಅಲ್ಲೇ ಕಳೆದಿದ್ದವನು. ಅವನು ಎದ್ದು ಕಾಮಾಕುರಾದಲ್ಲಿ ನೆಲೆ ಮಾಡಿಕೊಂಡ.

ಈಗ ಅವನ ಕಡೆಯಿಂದ ಯೋಚನೆ ಮಾಡಿ. ಈ ಮಗುವನ್ನು ಕೂರಿಸಿದ್ದು ತೈರಾಗಳು. ನಾನು ಯುದ್ಧ ಮಾಡುತ್ತಿರುವುದೇ ಅವರ ವಿರುದ್ಧ. ಅವರು ಕೂರಿಸಿದ ಚಕ್ರವರ್ತಿಯ ಹೆಸರಿನಲ್ಲಿ ಬಂದ ವರ್ಷವನ್ನು ನನ್ನ ಕಾಗದದ ಮೇಲೆ ಬರೆದರೆ ಅವರನ್ನು ಒಪ್ಪಿಕೊಂಡ ಹಾಗಾಯಿತಲ್ಲ? ಅವನು ಬರೆಯಲಿಲ್ಲ. ಹಿಂದಿನ ಯುಗದ ಹೆಸರು ಜಿಶೋ. ಅದನ್ನೇ ಮುಂದುವರಿಸಿದ. ರಾಜಧಾನಿ ಕ್ಯೋಟೊದಲ್ಲಿ ಯೋವಾ 2ನೇ ವರ್ಷ ನಡೆಯುತ್ತಿದ್ದಾಗ ಕಾಮಾಕುರಾದಲ್ಲಿ ಜಿಶೋ 6. ಕ್ಯೋಟೊದ ಲೆಕ್ಕದಲ್ಲಿ ಜಿಶೋ ಐದನೇ ವರ್ಷಕ್ಕೇ ಮುಗಿದಿತ್ತು, ಕಾಮಾಕುರಾದಲ್ಲಿ ಏಳನೇ ವರ್ಷದವರೆಗೂ ಬದುಕಿತ್ತು. ಜಮೀನಿನ ಪತ್ರ, ದೇವಸ್ಥಾನಕ್ಕೆ ಕೊಟ್ಟ ಅಭಯಪತ್ರ, ಎಲ್ಲದರಲ್ಲೂ ಆಸ್ಥಾನದ ಪ್ರಕಾರ ಇಲ್ಲದೇ ಇರುವ ವರ್ಷ.

ನನಗೆ ಇದರಲ್ಲಿ ಇಷ್ಟವಾಗುವುದು ಅವನ ಜಾಣತನ. ತಾನೇ ಒಂದು ಹೊಸ ಯುಗ ಶುರು ಮಾಡಿದ್ದರೆ ಅವನು ಸೀದಾ ರಾಜದ್ರೋಹಿ. ಹಳೆಯದನ್ನೇ ಹಿಡಿದುಕೊಂಡರೆ? ‘ನಾನು ಚಕ್ರವರ್ತಿಗೆ ನಿಷ್ಠನೇ, ಆದರೆ ಈ ಚಕ್ರವರ್ತಿಗಲ್ಲ’ ಎಂದು ಬಾಯಿಬಿಟ್ಟು ಹೇಳದೆಯೇ ಹೇಳಿದ ಹಾಗೆ. ರಾಜಿಗೆ ಬಾಗಿಲೂ ತೆರೆದಿರುತ್ತದೆ. ರಾಜಿ ಆಯಿತು ಕೂಡ. 1183ರಲ್ಲಿ ತೈರಾಗಳು ರಾಜಧಾನಿ ಬಿಟ್ಟು ಓಡಿದ ಮೇಲೆ ಗೊ-ಶಿರಾಕಾವಾನ ಆಸ್ಥಾನ ಪೂರ್ವ ಪ್ರಾಂತಗಳ ಮೇಲೆ ಯೊರಿತೊಮೊನ ಅಧಿಕಾರವನ್ನು ಒಪ್ಪಿಕೊಂಡಿತು. ಅವನು ಜಿಶೋ ಬಿಟ್ಟು ಆಸ್ಥಾನದ ಯುಗದ ಹೆಸರು ಬರೆಯಲು ಶುರು ಮಾಡಿದ. ಆ ಹೊತ್ತಿಗೆ ಯೋವಾ ಮುಗಿದು ‘ಜುಯೇ’ ಬಂದಿತ್ತು. ಅಂದರೆ ಯೋವಾ ಎಂಬ ಯುಗ ಯೊರಿತೊಮೊನ ಪಾಲಿಗೆ ಬರಲೂ ಇಲ್ಲ, ಹೋಗಲೂ ಇಲ್ಲ!

ಪ್ರಶ್ನೆ: ಯೋವಾ ಹೆಸರು ಕೇಳಿದರೆ ಜಪಾನಿನವರಿಗೆ ಬರಗಾಲ ನೆನಪಾಗುತ್ತದೆಯಂತೆ. ಅಷ್ಟು ಭೀಕರವಾಗಿತ್ತೇ?
— ಓದುಗರು, ರಾಯಚೂರು

ಹೌದು. ಮತ್ತು ಆ ನೆನಪು ಉಳಿದಿರುವುದಕ್ಕೆ ಮುಖ್ಯ ಕಾರಣ ಒಬ್ಬ ಮನುಷ್ಯ, ಕಾಮೊ ನೊ ಚೋಮೆಯ್. ಬರ ಬಂದಾಗ ಕ್ಯೋಟೊದಲ್ಲಿದ್ದ ಇಪ್ಪತ್ತೈದರ ಆಸುಪಾಸಿನ ತರುಣ. ಮುಂದೆ ಸನ್ಯಾಸಿಯಾಗಿ, ಗುಡ್ಡದ ಮೇಲೆ ಹತ್ತಡಿ ಉದ್ದಗಲದ ಗುಡಿಸಲಿನಲ್ಲಿ ಕೂತು, 1212ರಲ್ಲಿ ‘ಹೋಜೋಕಿ’ ಎಂಬ ಪುಟ್ಟ ಪುಸ್ತಕ ಬರೆದ. ಅದರಲ್ಲಿ ತಾನು ಕಂಡ ಐದು ಅನಾಹುತಗಳನ್ನು ಹೇಳುತ್ತಾನೆ. ಬೆಂಕಿ, ಸುಂಟರಗಾಳಿ, ರಾಜಧಾನಿ ಎತ್ತಿಕೊಂಡು ಹೋದದ್ದು, ಬರ, ಭೂಕಂಪ. ಬರದ ಭಾಗ ಶುರು ಮಾಡುವಾಗಲೇ ‘ಯೋವಾದ ಕಾಲ ಇರಬೇಕು, ಬಹಳ ಹಿಂದಿನದು, ಸರಿಯಾಗಿ ನೆನಪಿಲ್ಲ’ ಎನ್ನುವ ಅರ್ಥದಲ್ಲಿ ಬರೆಯುತ್ತಾನೆ. ಅಷ್ಟು ಶಾಸ್ತ್ರ ನೋಡಿ ಇಟ್ಟ ಹೆಸರು ಮೂವತ್ತು ವರ್ಷಕ್ಕೆ ಮಸುಕಾಗಿತ್ತು. ಬೀದಿಯಲ್ಲಿ ಕಂಡದ್ದು ಮಾತ್ರ ಒಂದೂ ಮರೆತಿಲ್ಲ.

ಕಾರಣ ಮೊದಲು ಹೇಳುತ್ತೇನೆ. 1180ರಲ್ಲಿ ಮಳೆ ಕೈಕೊಟ್ಟಿತು. ಅದರಲ್ಲೂ ಪಶ್ಚಿಮದ ಪ್ರಾಂತಗಳಲ್ಲಿ. ಬೇಸಿಗೆಯಲ್ಲಿ ಬರ, ಕೊಯ್ಲಿನ ಹೊತ್ತಿಗೆ ಬಿರುಗಾಳಿ, ನೆರೆ. ಉತ್ತರು, ಬಿತ್ತಿದರು, ನೆಟ್ಟರು, ಕುಯ್ಯುವುದಕ್ಕೆ ಏನೂ ಇರಲಿಲ್ಲ. ಅದೇ ವರ್ಷ ಕಿಯೊಮೊರಿ ರಾಜಧಾನಿಯನ್ನು ಸಮುದ್ರದ ಪಕ್ಕದ ಫುಕುಹಾರಾಕ್ಕೆ ಸಾಗಿಸಿ, ಕೆಲವೇ ತಿಂಗಳಲ್ಲಿ ವಾಪಸ್ ತಂದಿದ್ದ. ಮೇಲಿಂದ ಯುದ್ಧ. ಪೂರ್ವ ಯೊರಿತೊಮೊನ ಕೈಯಲ್ಲಿ, ಉತ್ತರದ ದಾರಿಗಳು ತೈರಾಗಳ ವಿರುದ್ಧ ಎದ್ದಿದ್ದ ಇನ್ನೊಬ್ಬ ಮಿನಾಮೊತೊ, ಕಿಸೊ ಯೊಶಿನಾಕಾನ ಕಡೆಯವರ ಕೈಯಲ್ಲಿ. ಕ್ಯೋಟೊ ತಾನೇ ಏನೂ ಬೆಳೆಯುವ ಊರಲ್ಲ, ಎಲ್ಲವೂ ಹಳ್ಳಿಗಳಿಂದ ಬರಬೇಕು. ಪಶ್ಚಿಮದಲ್ಲಿ ಬೆಳೆ ಇಲ್ಲ, ಪೂರ್ವ ಮತ್ತು ಉತ್ತರದಿಂದ ಬರುವ ಹಾಗಿಲ್ಲ. ಊರಿನ ಗಂಟಲು ಕಟ್ಟಿತು.

ಇನ್ನು ಚೋಮೆಯ್ ಹೇಳುವುದು ಕೇಳಿ. ಜನ ಮನೆಯ ಬೆಲೆಬಾಳುವ ಸಾಮಾನು ಹೊರಗಿಟ್ಟರೆ ತಿರುಗಿ ನೋಡುವವರಿಲ್ಲ. ಯಾರಾದರೂ ಕೊಂಡರೂ ಚಿನ್ನ ಅಗ್ಗ, ಕಾಳು ತುಟ್ಟಿ. ಮರುವರ್ಷ ಸರಿಹೋಗಬಹುದು ಅಂದುಕೊಂಡರೆ ಸಾಂಕ್ರಾಮಿಕ ರೋಗವೂ ಸೇರಿಕೊಂಡಿತು. ತಲೆಗೆ ಟೋಪಿ, ಕಾಲಿಗೆ ಪಟ್ಟಿ ಕಟ್ಟಿದ, ನೋಡಿದರೆ ಮರ್ಯಾದಸ್ಥರು ಅನ್ನುವಂಥವರು ಮನೆಮನೆ ಬಾಗಿಲಲ್ಲಿ ಬೇಡುತ್ತಾ ಹೋಗುತ್ತಿದ್ದರು. ನಡೆಯುತ್ತಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಅಲ್ಲೇ ಬಿದ್ದು ಸಾಯುತ್ತಿದ್ದರು. ಹೊಳೆ ದಂಡೆಯಲ್ಲಿ ಕುದುರೆ, ಗಾಡಿ ಹೋಗಲು ಜಾಗ ಇಲ್ಲದಷ್ಟು ಹೆಣ.

ಸೌದೆಯ ವಿಷಯ ನನ್ನನ್ನು ಜಾಸ್ತಿ ಕಾಡಿದ್ದು. ಕಾಡಿನಿಂದ ಕಡಿದು ತರುವವರಿಗೆ ಶಕ್ತಿ ಇಲ್ಲ, ಹಾಗಾಗಿ ಊರಿನಲ್ಲಿ ಸೌದೆಗೂ ಬರ. ದಿಕ್ಕಿಲ್ಲದವರು ತಮ್ಮ ಮನೆಯನ್ನೇ ಕೆಡವಿ ಮಾರಿದರು. ಒಂದು ಹೊರೆ ಹೊತ್ತು ತಂದರೆ ಬರುವ ಕಾಸು ಒಂದು ದಿನದ ಹೊಟ್ಟೆಗೂ ಸಾಲದು. ಆ ಸೌದೆ ನಡುವೆ ಕೆಂಪು ಬಣ್ಣ ಹಚ್ಚಿದ, ಚಿನ್ನದ ರೇಕು ಅಂಟಿದ ತುಂಡುಗಳು ಕಾಣುತ್ತಿದ್ದವಂತೆ. ವಿಚಾರಿಸಿದರೆ ಹಳೆಯ ದೇವಸ್ಥಾನಗಳಿಗೆ ನುಗ್ಗಿ ಬುದ್ಧನ ವಿಗ್ರಹಗಳನ್ನೇ ಕದ್ದು, ಒಡೆದು ಮಾರುತ್ತಿದ್ದರು.

ಇನ್ನೊಂದು ಮಾತು ಅವನದ್ದು ಹೇಳಲೇಬೇಕು. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಜೋಡಿಗಳಲ್ಲಿ ಪ್ರೀತಿ ಯಾರಿಗೆ ಜಾಸ್ತಿಯೋ ಅವರೇ ಮೊದಲು ಸಾಯುತ್ತಿದ್ದರು. ಅಪರೂಪಕ್ಕೆ ಸಿಕ್ಕಿದ ತುತ್ತನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಿದ್ದರಲ್ಲ, ಅದಕ್ಕೆ. ತಂದೆ ತಾಯಿ, ಮಕ್ಕಳು ಇದ್ದ ಮನೆಗಳಲ್ಲಿ ಹೆತ್ತವರು ಮೊದಲು. ತಾಯಿ ಸತ್ತದ್ದು ಗೊತ್ತಾಗದೆ ಮೊಲೆ ಚೀಪುತ್ತಾ ಮಲಗಿದ ಕೂಸುಗಳನ್ನೂ ಅವನು ಬರೆದಿಟ್ಟಿದ್ದಾನೆ.

ಯುದ್ಧವೂ ಹೆಚ್ಚುಕಡಿಮೆ ನಿಂತುಹೋಯಿತು. 1181ರ ವಸಂತದಲ್ಲಿ ಸುನೊಮಾತಾ ನದಿಯ ಹತ್ತಿರ ತೈರಾ ಸೇನೆ ಗೆದ್ದಿತ್ತು, ಮುಂದೆ ಹೋಗಬಹುದಿತ್ತು. ಸೈನಿಕರಿಗೆ ಹಾಕಲು ಅನ್ನ ಎಲ್ಲಿಂದ ತರುವುದು? ಮುಖ್ಯ ಕಾಳಗಗಳು ಮತ್ತೆ ಶುರುವಾದದ್ದು 1183ರಲ್ಲಿ.

ಪ್ರಶ್ನೆ: ಆ ಬರದಲ್ಲಿ ಸತ್ತವರ ಹಣೆಯ ಮೇಲೆ ಭಾರತದ ಅಕ್ಷರ ಬರೆದರು ಅಂತ ಕೇಳಿದ್ದೇನೆ. ಇದು ಸುಮ್ನೆ ವಾಟ್ಸಾಪ್ ಕಥೆಯೋ ನಿಜವೋ?
— ಓದುಗರು, ಧಾರವಾಡ

ನಿಜ. ವಾಟ್ಸಾಪಿನಲ್ಲೂ ಒಮ್ಮೊಮ್ಮೆ ನಿಜ ಬರುತ್ತದೆ ನೋಡಿ.

ಇದನ್ನು ಹೇಳಿರುವುದೂ ಚೋಮೆಯ್‌ನೇ. ಕ್ಯೋಟೊದ ನಿನ್ನಾಜಿ ಮಠದ ರ್ಯೂಗ್ಯೋ ಎಂಬ ಹಿರಿಯ ಭಿಕ್ಷು, ಲೆಕ್ಕವಿಲ್ಲದೆ ಸಾಯುತ್ತಿರುವ ಜನರನ್ನು ನೋಡಲಾರದೆ, ಕಣ್ಣಿಗೆ ಬಿದ್ದ ಪ್ರತಿ ಹೆಣದ ಹಣೆಯ ಮೇಲೂ ‘ಅ’ ಅಕ್ಷರ ಬರೆದ. ಅವರಿಗೆ ಬುದ್ಧನ ನಂಟು ಸಿಗಲಿ ಅಂತ. ಸಂಸ್ಕಾರ ಮಾಡುವವರು ಯಾರೂ ಉಳಿದಿರಲಿಲ್ಲವಲ್ಲ. ಹಾಗೆ ಬರೆಯುತ್ತಾ ಎಣಿಸಿದರು. ಎರಡು ತಿಂಗಳಲ್ಲಿ, ಅಂದರೆ ಅವರ ನಾಲ್ಕನೇ ಮತ್ತು ಐದನೇ ತಿಂಗಳಲ್ಲಿ, ಸಿಕ್ಕಿದ ತಲೆಗಳು 42,300. ಅದೂ ಕ್ಯೋಟೊದ ಪೂರ್ವಾರ್ಧದ ಬೀದಿಗಳಲ್ಲಿ ಮಾತ್ರ. ಹೊಳೆ ದಂಡೆ, ಊರಿನ ಪಶ್ಚಿಮ ಭಾಗ, ಸುತ್ತಲಿನ ಹಳ್ಳಿಗಳು ಈ ಲೆಕ್ಕದಲ್ಲಿಲ್ಲ. ಅದಕ್ಕೆ ಮೊದಲು ಸತ್ತವರು, ಆಮೇಲೆ ಸತ್ತವರೂ ಇಲ್ಲ.

ಈಗ ಆ ಅಕ್ಷರದ ವಿಷಯ. ಅದು ಸಿದ್ಧಂ ಲಿಪಿಯ ಅಕಾರ. ಉತ್ತರ ಭಾರತದ ಗುಪ್ತ ಕಾಲದ ಬ್ರಾಹ್ಮಿಯಿಂದ ಬೆಳೆದ ಲಿಪಿ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಯಿತು. ಅಲ್ಲಿ ಕಲಿತ ಕೂಕಾಯ್ ಎಂಬ ಜಪಾನೀ ಭಿಕ್ಷು 806ರಲ್ಲಿ ಮರಳುವಾಗ ಅದನ್ನೂ ಹೊತ್ತು ತಂದ. ಅವನು ಕಟ್ಟಿದ ಶಿಂಗೊನ್ ಪಂಥದಲ್ಲಿ ‘ಅ’ ಎಲ್ಲ ಅಕ್ಷರಗಳ ಮೂಲ, ಹುಟ್ಟಿಲ್ಲದ್ದರ ಗುರುತು. ಅದನ್ನು ಎದುರಿಗಿಟ್ಟುಕೊಂಡು ಧ್ಯಾನ ಮಾಡುತ್ತಾರೆ. ನಿನ್ನಾಜಿ ಶಿಂಗೊನ್ ಮಠ. ಕನ್ನಡ ಲಿಪಿಯೂ ಬ್ರಾಹ್ಮಿಯ ಮನೆಯದೇ, ದಕ್ಷಿಣದ ಕವಲಿನದು. ನಾವು ಸ್ಲೇಟಿನ ಮೇಲೆ ಮೊದಲು ತಿದ್ದಿದ ‘ಅ’ಗೂ ರ್ಯೂಗ್ಯೋ ಬರೆದ ‘ಅ’ಗೂ ದಾಯಾದಿ ಸಂಬಂಧ. ಈಗಲೂ ಜಪಾನಿನ ಸ್ಮಶಾನಗಳಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆಗಳ ಮೇಲೆ ಸಿದ್ಧಂ ಅಕ್ಷರಗಳನ್ನು ಬರೆಯುತ್ತಾರೆ.

ಪ್ರಶ್ನೆ: ಕೊನೆಗೆ ಹೆಸರು ಬದಲಾಯಿಸಿದ ಮೇಲಾದರೂ ಕಷ್ಟ ಕಳೆಯಿತೇ?
— ಓದುಗರು, ಮೈಸೂರು

ಬರ, ರೋಗ, ಯುದ್ಧ ಮೂರೂ ಸೇರಿದ್ದರಿಂದ ಯೋವಾ ಹೆಸರು ಕೆಟ್ಟದ್ದು ಅಂತ ತೀರ್ಮಾನಿಸಿ, ಐದನೇ ತಿಂಗಳ 27ಕ್ಕೆ ಜುಯೇ ಎಂದು ಬದಲಾಯಿಸಿದರು. ರ್ಯೂಗ್ಯೋ ಹೆಣ ಎಣಿಸಿದ ಆ ಎರಡು ತಿಂಗಳು ಮುಗಿಯುವ ಹೊತ್ತು ಅದು. ಅನಾಹುತ ಆದಾಗ ಹೆಸರು ಬದಲಿಸುವುದು ಹಳೆಯ ಪದ್ಧತಿ, ಯೋವಾದಲ್ಲೇ ಮೊದಲು ಮಾಡಿದ್ದಲ್ಲ. ಇದನ್ನು ನಗೆಯಾಡಿ ಬಿಡುವುದು ಸುಲಭ. ಆದರೆ ಆಸ್ಥಾನದ ಕೈಯಲ್ಲಿ ಬೇರೆ ಏನಿತ್ತು? ಪ್ರಾಂತಗಳಿಂದ ತೆರಿಗೆ ಬರುತ್ತಿಲ್ಲ, ಸೈನ್ಯ ತೈರಾಗಳದ್ದು, ಮಾಡಿಸಿದ ಪೂಜೆಗಳೆಲ್ಲ ವ್ಯರ್ಥ. ಯಾರನ್ನೂ ಕೇಳದೆ ಅವರು ಮಾಡಬಹುದಾಗಿದ್ದದ್ದು ಹೆಸರಿಡುವುದೊಂದೇ.

ಬರ ನಿಧಾನಕ್ಕೆ ಇಳಿಯಿತು. ಜುಯೇ ಪಾಡೂ ಒಳ್ಳೆಯದಾಗಲಿಲ್ಲ. 1183ರಲ್ಲಿ ಯೊಶಿನಾಕಾ ಕ್ಯೋಟೊಗೆ ನುಗ್ಗಿದ. ತೈರಾಗಳು ಅಂತೊಕುವನ್ನೂ ಪಟ್ಟದ ಮೂರು ಪವಿತ್ರ ವಸ್ತುಗಳನ್ನೂ ಎತ್ತಿಕೊಂಡು ಪಶ್ಚಿಮಕ್ಕೆ ಓಡಿದರು. ಇಲ್ಲಿ ಗೊ-ಶಿರಾಕಾವಾ ಇನ್ನೊಬ್ಬ ಮೊಮ್ಮಗ ಗೊ-ತೊಬಾನನ್ನು ಕೂರಿಸಿ, 1184ರಲ್ಲಿ ‘ಗೆನ್ರ್ಯಾಕು’ ಎಂಬ ಯುಗ ಸಾರಿದ. ತೈರಾಗಳು ಅದನ್ನು ಒಪ್ಪದೆ ಜುಯೇಯನ್ನೇ ಮುಂದುವರಿಸಿದರು. ಮೊದಲು ಯೊರಿತೊಮೊ ಅವರಿಗೆ ಮಾಡಿದ್ದನ್ನೇ ಈಗ ಅವರು ಮಾಡಿದ್ದು! 1185ರಲ್ಲಿ ದಾನ್-ನೊ-ಉರಾದ ಸಮುದ್ರ ಕಾಳಗದಲ್ಲಿ ಸೋತಾಗ ಆರು ವರ್ಷದ ಅಂತೊಕುವನ್ನು ಅವನ ಅಜ್ಜಿ ಎತ್ತಿಕೊಂಡು ಸಮುದ್ರಕ್ಕೆ ಹಾರಿದಳು.

ಪ್ರಶ್ನೆ: ಈಗಲೂ ಈ ಹೆಸರಿನ ಲೆಕ್ಕ ಇದೆಯೇ?
— ಓದುಗರು, ಬೆಂಗಳೂರು

ಇದೆ. 1868ರಿಂದ ಒಬ್ಬ ಚಕ್ರವರ್ತಿಗೆ ಒಂದೇ ಹೆಸರು, ಬರ ಬಂದರೂ ಭೂಕಂಪ ಆದರೂ ಬದಲಾಯಿಸುವಂತಿಲ್ಲ. 2019ರ ಮೇ 1ರಿಂದ ‘ರೇವಾ’ ನಡೆಯುತ್ತಿದೆ. ಯೋವಾ, ಕಳೆದ ಶತಮಾನದ ಶೋವಾ, ಈಗಿನ ರೇವಾ ಮೂರರ ಕೊನೆಯ ಅಕ್ಷರವೂ ಒಂದೇ. 1979ರ ಕಾನೂನಿನ ಪ್ರಕಾರ ಹೆಸರು ತೀರ್ಮಾನಿಸುವುದು ಮಂತ್ರಿಮಂಡಲ. ನಾಣ್ಯಗಳ ಮೇಲೆ ಇದೇ ವರ್ಷ.

ಪ್ರಶ್ನೆ: ಮುಂದಿನ ವರ್ಷ ಮಗನ ಮನೆಗೆ ಜಪಾನಿಗೆ ಹೋಗುವವರಿದ್ದೇವೆ. ಯೋವಾ ಕಾಲದ ಏನಾದರೂ ನೋಡಲು ಸಿಗುತ್ತದೆಯೇ?
— ಓದುಗರು, ಶಿವಮೊಗ್ಗ

ಕಾಮಾಕುರಾಗೆ ಹೋಗಿ. ಟೋಕಿಯೊದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ತ್ಸುರುಗಾವೊಕಾ ಹಾಚಿಮಾನ್ ದೇವಸ್ಥಾನದಿಂದ ಸಮುದ್ರದ ಕಡೆಗೆ ನೇರವಾಗಿ ಹೋಗುವ ವಾಕಾಮಿಯಾ ಓಜಿ ಎಂಬ ರಸ್ತೆ ಶುರುವಾದದ್ದು 1182ರ ವಸಂತದಲ್ಲಿ. ಹೆಂಡತಿ ಮಾಸಾಕೊ ಗರ್ಭಿಣಿ, ಹೆರಿಗೆ ಸುಸೂತ್ರವಾಗಲಿ ಎಂಬ ಹರಕೆಗೆ ಯೊರಿತೊಮೊ ಮುಂದೆ ನಿಂತು ಮಾಡಿಸಿದ. ಮಾವ ಹೋಜೋ ತೊಕಿಮಾಸಾ ಮತ್ತು ಉಳಿದ ಸರದಾರರು ಕಲ್ಲು ಮಣ್ಣು ಹೊತ್ತರು. ಕ್ಯೋಟೊದಲ್ಲಿ ಜನ ಹಾಗೆ ಸಾಯುತ್ತಿದ್ದ ವರ್ಷವೇ ಪೂರ್ವದಲ್ಲಿ ರಸ್ತೆ ಕಟ್ಟುವಷ್ಟು ಬಿಡುವು ಇತ್ತು ಅನ್ನುವುದು ಗಮನಿಸಬೇಕಾದ ಸಂಗತಿ. ಈಗ ರಸ್ತೆಯ ನಡುವೆ ಎತ್ತರಿಸಿದ ಕಾಲುದಾರಿ ಇದೆ, ಇಬ್ಬದಿಯಲ್ಲಿ ಚೆರಿ ಮರಗಳು.

ನಾರಾಕ್ಕೆ ಹೋದರೆ ತೋದಾಯ್‌ಜಿ. 1181ರ ಜನವರಿಯಲ್ಲಿ ತೈರಾ ಸೇನೆ ಹಚ್ಚಿದ ಬೆಂಕಿಗೆ ಆ ದೇವಾಲಯ ಸುಟ್ಟು, ಮಹಾಬುದ್ಧನ ಕಂಚಿನ ಮೂರ್ತಿ ಹಾಳಾಯಿತು. ಅದನ್ನು ಮತ್ತೆ ಕಟ್ಟುವ ಕೆಲಸ ಅದೇ ವರ್ಷ ಅರವತ್ತು ದಾಟಿದ ಚೋಗೆನ್ ಎಂಬ ಭಿಕ್ಷುವಿಗೆ ಬಂತು. ಬರಗಾಲದಲ್ಲಿ ಚಂದಾ ಎತ್ತುವ ಕೆಲಸ, ಯೋಚನೆ ಮಾಡಿ! ಎತ್ತಿದ. 1185ರಲ್ಲಿ ಮೂರ್ತಿಗೆ ಕಣ್ಣು ಬರೆಯುವ ಶಾಸ್ತ್ರವನ್ನು ಗೊ-ಶಿರಾಕಾವಾನೇ ಮಾಡಿದ. 752ರಲ್ಲಿ ಮೊದಲ ಸಲ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು, ಅವನು ಹಿಡಿದಿದ್ದ ಕುಂಚವನ್ನೇ ಭಂಡಾರದಿಂದ ತರಿಸಿ ಬಳಸಿದರು. ಆ ಕುಂಚ ಇನ್ನೂ ಇದೆ, ಆದರೆ ದಿನಾ ನೋಡಲು ಸಿಗುವ ವಸ್ತುವಲ್ಲ. ಈಗ ನಿಂತಿರುವ ಮಹಾಬುದ್ಧನ ಮಂದಿರ 1700ರ ನಂತರ ಕಟ್ಟಿದ್ದು. ಚೋಗೆನ್ ಕಟ್ಟಿಸಿದ್ದನ್ನೇ ನೋಡಬೇಕಾದರೆ ದಕ್ಷಿಣದ ಮಹಾದ್ವಾರದ ಕೆಳಗೆ ನಿಂತು ತಲೆ ಎತ್ತಿ ಮರದ ತೊಲೆಗಳನ್ನು ನೋಡಿ. ಜಿಂಕೆಗಳು ಕೈಲಿರುವ ತಿಂಡಿ ಕಸಿಯುತ್ತವೆ, ಜೋಪಾನ.

ರ್ಯೂಗ್ಯೋನ ನಿನ್ನಾಜಿ ಕ್ಯೋಟೊದಲ್ಲಿದೆ. ಕಟ್ಟಡಗಳು ಅವನ ಕಾಲದವಲ್ಲ, ಆಮೇಲಿನ ಯುದ್ಧದಲ್ಲಿ ಸುಟ್ಟು ಮತ್ತೆ ಕಟ್ಟಿದವು. ಅಲ್ಲಿಯ ಗಿಡ್ಡ ಚೆರಿ ಮರಗಳು ಊರಿನ ಉಳಿದ ಮರಗಳೆಲ್ಲ ಉದುರಿದ ಮೇಲೆ ಹೂ ಬಿಡುತ್ತವೆ. ಏಪ್ರಿಲ್ ಮಧ್ಯಕ್ಕೆ ಟಿಕೆಟ್ ಮಾಡಿಸಿಕೊಳ್ಳಿ.